ಮೂಲೆಗೆ ಒತ್ತಿಯೇ ಇಡಬೇಕಾದ ಮನೆಗೆ ಎಂಥ ಸ್ಪೀಕರ್ ತರಲಿ?

ಬಿಜೈ ಮೂಲೆಮನೆ · ಜೂನ್ 8, ರಾತ್ರಿ 10.15

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಓದುತ್ತಾ ಕುಳಿತಿದ್ದೆ, ಇವತ್ತು ಕೇಳುವ ಸರದಿ ನನ್ನದು.

ಮಂಗಳೂರಿನ ಬಿಜೈಯಲ್ಲಿ ಮೂರನೇ ಮಹಡಿಯ ಫ್ಲ್ಯಾಟ್. ಹಾಲ್ 5 ಮೀಟರ್ ಉದ್ದ, 3.4 ಮೀಟರ್ ಅಗಲ, 2.9 ಮೀಟರ್ ಎತ್ತರ. ಟಿವಿ ಇರುವುದು ಅಗಲದ ಗೋಡೆಯಲ್ಲಿ. ಅದರ ಎಡಕ್ಕೆ ಅಚ್ಚುಕಟ್ಟಾದ ಮೂಲೆ, ಬಲಕ್ಕೆ ಬಾಲ್ಕನಿಯ ಬಾಗಿಲು. ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ. ಸೋಫಾ ಎದುರಿನ ಗೋಡೆಗೆ ತಾಗಿಕೊಂಡಿದೆ. ಟಿವಿಯ ಮುಂದಿನಿಂದಲೇ ಅಡುಗೆಮನೆಗೆ ದಾರಿ. ಹಾಗಾಗಿ ಸ್ಪೀಕರನ್ನು ಗೋಡೆಯಿಂದ ಒಂದು ಗೇಣಿಗಿಂತ ಮುಂದೆ ತರುವ ಹಾಗಿಲ್ಲ. ತಂದರೆ ಅಮ್ಮ ಎಡವುತ್ತಾರೆ, ಇಲ್ಲವೇ ಎಡವುತ್ತೇನೆಂದು ದಿನಕ್ಕೆ ನಾಲ್ಕು ಸಲ ಹೇಳುತ್ತಾರೆ.

ಸದ್ಯ ಇರುವುದು ಭಾವ ಮಸ್ಕತ್‌ನಿಂದ ಬರುವಾಗ ತಂದಿದ್ದ ಟವರ್ ಸ್ಪೀಕರುಗಳು. ಒಂದೊಂದರಲ್ಲೂ ಎರಡೆರಡು ಆರೂವರೆ ಇಂಚಿನ ವೂಫರ್ (ತಗ್ಗು ಸ್ವರ ನುಡಿಸುವ ಭಾಗ), ಪೋರ್ಟ್ (ಪೆಟ್ಟಿಗೆಯೊಳಗಿನ ಗಾಳಿ ಆಡುವ ತೂತು) ಹಿಂದುಗಡೆ. ಕಾಪುವಿನಲ್ಲಿ ಅವರ ಹೆಂಚಿನ ಮನೆಯ ಚಾವಡಿಯಲ್ಲಿ ಇವನ್ನು ಕೇಳಿಯೇ ನನಗೆ ಈ ಹುಚ್ಚು ಹಿಡಿದದ್ದು. ಅವರು ಹೊಸತು ಕೊಂಡರು, ಇವು ನನ್ನ ಪಾಲಿಗೆ ಬಂದವು. ಇಲ್ಲಿ ತಂದಿಟ್ಟರೆ ಬೇರೆಯೇ ಕಥೆ. ಮೃದಂಗದ ಎಡಗೈ ಪೆಟ್ಟು "ಗುಂ" ಎಂದು ನಿಂತೇ ಬಿಡುತ್ತದೆ. ಅದು ಇಳಿಯುವ ಮೊದಲೇ ಮುಂದಿನದು ಬಂದು ಮೇಲೆ ಬೀಳುತ್ತದೆ. ಶೋಕೇಸಿನ ಗಾಜಿನ ಮೇಲಿರುವ ಹಿತ್ತಾಳೆ ಚೊಂಬು ಒಂದೇ ಒಂದು ಸ್ವರಕ್ಕೆ ಗಿರ್ರೆನ್ನುತ್ತದೆ, ಉಳಿದವಕ್ಕೆ ಸುಮ್ಮನಿರುತ್ತದೆ. ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಮಾತ್ರ ಚೆನ್ನಾಗಿಯೇ ಇದೆ, ಪಕ್ಕವಾದ್ಯ ಬಂದ ಕೂಡಲೇ ಕೆಸರು.

ಟವರ್ ಮಾರಿ ಸಣ್ಣದು ತರೋಣ ಎಂದು ಹೊರಟೆ. ಅಂಗಡಿಯಲ್ಲಿ ಒಬ್ಬರು, "ಪೋರ್ಟ್ ಮುಂದಿದ್ದರೆ ಆಯಿತು, ಗೋಡೆಗೆ ತಾಗಿಸಿಯೇ ಇಡಿ" ಎಂದರು. ಅಷ್ಟು ಸುಲಭವೇ? ಆಂಪ್ಲಿಫೈಯರ್ ಇದೆ. ಸ್ಪೀಕರಿಗೆ 60,000 ರೂಪಾಯಿ ತನಕ ಹಾಕಬಲ್ಲೆ.

ಮೂರನೇ ಒಂದು · ಜೂನ್ 8, ರಾತ್ರಿ 10.40

ಸ್ಪೀಕರ್ ಬದಲಿಸಬೇಡಿ, ಜಾಗ ಬದಲಿಸಿ. ಗೋಡೆಯಿಂದ ಕನಿಷ್ಠ ಒಂದು ಮೀಟರ್ ಮುಂದೆ ತನ್ನಿ. ಕೋಣೆಯ ಉದ್ದದ ಮೂರನೇ ಒಂದು ಭಾಗದಲ್ಲಿಟ್ಟರೆ ಇನ್ನೂ ಚೆನ್ನ. ಅದಾಗದ ಮನೆಗೆ ಹೈಫೈ ಯಾಕೆ? ಒಂದು ಒಳ್ಳೆಯ ಹೆಡ್‌ಫೋನ್ ತೆಗೆದುಕೊಳ್ಳಿ. ಮಣಿಪಾಲದ ನನ್ನ ಕೋಣೆಯಲ್ಲಿ ಸ್ಪೀಕರಿನ ಹಿಂದೆ ಒಬ್ಬರು ಚಾಪೆ ಹಾಸಿ ಮಲಗುವಷ್ಟು ಜಾಗ ಬಿಟ್ಟಿದ್ದೇನೆ.

ಕುಂಜಿಬೆಟ್ಟು ವೀಣೆ · ಜೂನ್ 8, ರಾತ್ರಿ 10.52

ಆ ಚಾಪೆಯ ಮೇಲೆ ಮಲಗಲು ಮನೆಯಲ್ಲಿ ಬೇರೆ ಯಾರೂ ಇಲ್ಲ ಎಂದು ಕಾಣುತ್ತದೆ.

ಸುರತ್ಕಲ್ ಅಲೆ · ಜೂನ್ 8, ರಾತ್ರಿ 11.30

ಮೊದಲು ಅಂಗಡಿಯವರ ಮಾತು. ಪೋರ್ಟ್ ಎಲ್ಲಿದೆ ಎಂಬುದು ಇಲ್ಲಿ ದೊಡ್ಡ ವಿಷಯವೇ ಅಲ್ಲ. 30 ಡಿಗ್ರಿಯ ನಮ್ಮ ಸೆಕೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 349 ಮೀಟರ್ (ಪುಸ್ತಕದ 343 ಎಂಬುದು 20 ಡಿಗ್ರಿಯ ಲೆಕ್ಕ). ಅಂದರೆ 50 ಹರ್ಟ್ಸ್‌ನ ಅಲೆ ಹತ್ತಿರ ಹತ್ತಿರ 7 ಮೀಟರ್ ಉದ್ದ. ಅದರೆದುರು ಒಂದು ಅಡಿಯ ಪೆಟ್ಟಿಗೆ ಎಂದರೆ ಹೊಳೆಯಲ್ಲಿ ನೆಟ್ಟ ಗಳು. ನೀರು ಅದನ್ನು ಸುತ್ತಿಕೊಂಡು ಮುಂದೆ ಹೋಗುತ್ತದೆ. ಮುಂದಿನ ಪೋರ್ಟಿನಿಂದ ಹೊರಟ ಬೇಸ್ ಕೂಡ ಹಿಂದಿನ ಗೋಡೆಗೆ ಹೋಗಿಯೇ ಬರುತ್ತದೆ. ಹಿಂದಿನ ಪೋರ್ಟ್ ನಿಜವಾಗಿ ತೊಂದರೆ ಕೊಡುವುದು ಅದರ ಬಾಯಿಗೆ ಗೋಡೆ ಅಡ್ಡ ಬಂದು ಗಾಳಿ ಆಡದೆ ಹೋದಾಗ. ಪೋರ್ಟಿನ ವ್ಯಾಸದ ಒಂದೆರಡು ಪಟ್ಟು ಜಾಗ ಹಿಂದೆ ಬಿಟ್ಟರೆ ಆ ಭಯ ಮುಗಿಯಿತು.

ನಿಮ್ಮ "ಗುಂ" ಬೇರೆ ಕಡೆಯಿಂದ ಬರುತ್ತಿದೆ. ಬಯಲಲ್ಲಿ ನಾಲ್ಕು ದಿಕ್ಕಿಗೂ ಹರಡುವ ತಗ್ಗು ಸ್ವರಕ್ಕೆ ಒಂದು ಗಟ್ಟಿ ಗೋಡೆ ಹತ್ತಿರ ಸಿಕ್ಕಿದರೆ ಅರ್ಧ ದಿಕ್ಕು ಮುಚ್ಚಿತು, ಅದು 6 ಡೆಸಿಬೆಲ್ ತನಕ ಏರುತ್ತದೆ. ಮೂಲೆಯಲ್ಲಿ ಇನ್ನೊಂದು ಗೋಡೆ, ಮತ್ತೆ 6. ಇದು ಕಾಗದದ ಲೆಕ್ಕ, ಮನೆಯಲ್ಲಿ ಅಷ್ಟು ಪೂರ್ತಿ ಸಿಗುವುದಿಲ್ಲ. ಆದರೂ ನಿಮ್ಮ ಎಡ ಸ್ಪೀಕರಿಗೆ ಎರಡು ಗೋಡೆಯ ಬೆಂಬಲ, ಬಲದ್ದಕ್ಕೆ ಒಂದೇ. ಅದರ ಪಕ್ಕದಲ್ಲಿ ಗೋಡೆಯ ಬದಲು ತೆರೆದ ಬಾಗಿಲು. ಎರಡೂ ಒಂದೇ ಮಾದರಿಯ ಸ್ಪೀಕರ್ ಎನ್ನುವುದು ಡಬ್ಬದ ಮೇಲಿನ ಮಾತು. ನಿಮ್ಮ ಹಾಲಿನಲ್ಲಿ ಅವು ಎರಡು ಬೇರೆ ಸ್ಪೀಕರುಗಳು.

ಇನ್ನು "ಮೂರನೇ ಒಂದು" ಅವರ ಒಂದು ಮೀಟರ್. ಗೋಡೆಗೆ ಹೋಗಿ ಹಿಂದಿರುಗುವ ಶಬ್ದ ಅರ್ಧ ಅಲೆಯಷ್ಟು ತಡವಾಗಿ ಬಂದರೆ ನೇರ ಶಬ್ದವನ್ನು ತಿಂದುಹಾಕುತ್ತದೆ. ಲೆಕ್ಕ ಸುಲಭ: 87 ಅನ್ನು (349ರ ಕಾಲು ಭಾಗ) ಗೋಡೆಯಿಂದ ಸ್ಪೀಕರಿನ ಮುಖಕ್ಕಿರುವ ಮೀಟರ್ ದೂರದಿಂದ ಭಾಗಿಸಿ. ಒಂದು ಮೀಟರ್ ಮುಂದೆ ತಂದರೆ ಗುಂಡಿ ಬೀಳುವುದು 87 ಹರ್ಟ್ಸ್‌ನಲ್ಲಿ, ಅಂದರೆ ಬೇಸಿನ ಹೊಟ್ಟೆಯಲ್ಲೇ. ಅರ್ಧ ಮೀಟರಿಗೆ 174. ಗೋಡೆಗೆ ಒತ್ತಿ ಮುಖ 35 ಸೆಂಟಿಮೀಟರಿನಲ್ಲಿದ್ದರೆ ಸುಮಾರು 250. ಮೇಲೆ ಹೋದಷ್ಟೂ ಸ್ಪೀಕರ್ ಹಿಂದಕ್ಕೆ ಕಳಿಸುವ ಶಬ್ದ ಕಡಿಮೆ, ಗೋಡೆಗೆ ಏನಾದರೂ ಹಚ್ಚಿ ಹೀರಿಸುವುದೂ ಸುಲಭ. ಸ್ಟುಡಿಯೋಗಳಿಗೆ ಸ್ಪೀಕರ್ ಮಾಡುವ ಫಿನ್ಲೆಂಡಿನ ಜೆನೆಲೆಕ್ ಇದೇ ಕಾರಣಕ್ಕೆ ಗೋಡೆಯ ಹತ್ತಿರವೇ ಇಡಿ ಎನ್ನುತ್ತದೆ. ತಪ್ಪಿಸಿ ಎಂದು ಅವರು ಹೇಳುವ ದೂರ ಸುಮಾರು 1 ಮೀಟರಿನಿಂದ 2.2 ಮೀಟರ್. ಪೂರ್ತಿ ದೂರ ಹೋಗಿ, ಇಲ್ಲವೇ ಪೂರ್ತಿ ಹತ್ತಿರ ಬನ್ನಿ. ನಡುವೆ ನಿಲ್ಲುವುದು ಕಷ್ಟ.

ಮೂರನೇ ಒಂದು · ಜೂನ್ 9, ಬೆಳಿಗ್ಗೆ 7.05

ಲೆಕ್ಕ ಸರಿ ಇರಬಹುದು. ಆದರೆ ಗೋಡೆಗೆ ಒತ್ತಿದ ಸ್ಪೀಕರಿನಲ್ಲಿ ಗಾಯಕ ಗೋಡೆಗೆ ಅಂಟಿಸಿದ ಪಟದ ಹಾಗೆ ಕಾಣುತ್ತಾನೆ. ಆಳ ಇರುವುದಿಲ್ಲ. ಅದನ್ನು ಯಾವ ಭಾಗಾಕಾರವೂ ಹೇಳುವುದಿಲ್ಲ.

ಸುರತ್ಕಲ್ ಅಲೆ · ಜೂನ್ 9, ಬೆಳಿಗ್ಗೆ 7.30

ಅದು ನಿಜ, ಒಪ್ಪಿದೆ. ಆಳದಲ್ಲಿ ಸ್ವಲ್ಪ ಬಿಟ್ಟುಕೊಡಲೇಬೇಕು.

ಮುರಕಲ್ಲು · ಜೂನ್ 9, ಮಧ್ಯಾಹ್ನ 2.20

ಬ್ರಹ್ಮಾವರದಿಂದ ಬರೆಯುತ್ತಿದ್ದೇನೆ. ನಲವತ್ತು ವರ್ಷ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡಿದವನು. ಈಗ ಕೈ ನಡುಗುತ್ತದೆ, ಕಿವಿ ಇನ್ನೂ ಪರವಾಗಿಲ್ಲ.

ಮೂಲೆಯನ್ನು ಎಲ್ಲರೂ ಶತ್ರುವಿನ ಹಾಗೆ ಬೈಯುವುದು ಕೇಳಿ ನನಗೆ ನಗು ಬರುತ್ತದೆ ಮಾರಾಯರೇ. ಅಮೆರಿಕದ ಪಾಲ್ ಕ್ಲಿಪ್ಷ್ 1946ರಲ್ಲಿ ಮಾರಾಟಕ್ಕಿಟ್ಟ ಕ್ಲಿಪ್ಷ್‌ಹಾರ್ನ್ ಮೂಲೆಯಲ್ಲಿಟ್ಟರೆ ಮಾತ್ರ ಪೂರ್ತಿಯಾಗುವ ಸ್ಪೀಕರ್. ಪೆಟ್ಟಿಗೆಯೊಳಗೆ ಮಡಚಿಟ್ಟ ಕಹಳೆಯ ಕೊನೆಯ ಭಾಗವೇ ಮನೆಯ ಗೋಡೆ. ಆಗಿನ ಆಂಪ್ಲಿಫೈಯರಿನ ಶಕ್ತಿ ಎಷ್ಟು? ಕೆಲವೇ ವ್ಯಾಟ್. ಗೋಡೆ ಪುಕ್ಕಟೆ ಕೊಡುವ ಬೇಸನ್ನು ಯಾರು ಬಿಡುತ್ತಾರೆ? ಆಮೇಲೆ 1974ರಲ್ಲಿ ರಾಯ್ ಆಲಿಸನ್ ಎಂಬವರು ಗೋಡೆ, ನೆಲ ಸ್ಪೀಕರಿನ ಶಕ್ತಿಯನ್ನು ಹೇಗೆ ಏರಿಳಿಸುತ್ತವೆ ಎಂದು ಅಳೆದು ಪ್ರಬಂಧ ಬರೆದರು. ವೂಫರನ್ನು ನೆಲ ಗೋಡೆ ಸೇರುವಲ್ಲಿಗೆ ಇಳಿಸಿ ಸ್ಪೀಕರುಗಳನ್ನೂ ಮಾಡಿದರು. ಬ್ರಿಟನ್ನಿನಲ್ಲಿ ಲಿನ್, ನೇಮ್ ಕಂಪೆನಿಗಳ ಹಳೆಯ ಸ್ಪೀಕರುಗಳು ಗೋಡೆಗೆ ಬೆನ್ನು ಕೊಟ್ಟು ನಿಲ್ಲುವಂಥವು. ಆಡಿಯೋ ನೋಟ್‌ನ ಇ ಮಾದರಿಯನ್ನು ಇವತ್ತಿಗೂ ಮೂಲೆಯಲ್ಲೇ ಇಡುತ್ತಾರೆ. ಸ್ವೀಡನ್ನಿನ ಲಾರ್ಸೆನ್ ಗೋಡೆಗೆ ತಾಗಿಯೇ ಇರಬೇಕು. ಇವು ನಿಮ್ಮ ಬಜೆಟ್ಟಿನವಲ್ಲ, ಗೊತ್ತು. ಹೇಳಿದ್ದು ಯಾಕೆಂದರೆ, ಗೋಡೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಮಾಡಿದ ಸ್ಪೀಕರಿಗೆ ಗೋಡೆಯಿಂದ ತೊಂದರೆಯಿಲ್ಲ. ನಿಮ್ಮ ಟವರ್ ಹಾಗೆ ಮಾಡಿದ್ದಲ್ಲ.

ಹೇಗೆ ಎಂದರೆ, 20 ಸೆಂಟಿಮೀಟರ್ ಅಗಲದ ಪೆಟ್ಟಿಗೆಯಲ್ಲಿ ಐನೂರು ಆರುನೂರು ಹರ್ಟ್ಸ್‌ನಿಂದ ಕೆಳಗೆ ಶಬ್ದ ಹಿಂದಕ್ಕೂ ಸುತ್ತಿಕೊಳ್ಳಲು ತೊಡಗುತ್ತದೆ. ಎದುರು ಕುಳಿತವನಿಗೆ ಅಷ್ಟು ಕಡಿಮೆಯಾಯಿತು. ಅದನ್ನು ತುಂಬಲು ತಯಾರಕರು ಕ್ರಾಸ್‌ಓವರಿನಲ್ಲಿ (ತಗ್ಗು ಸ್ವರ, ಮೇಲಿನ ಸ್ವರ ಬೇರೆ ಮಾಡಿ ಹಂಚುವ ಸರ್ಕ್ಯೂಟ್) ಮೇಲಿನ ಭಾಗವನ್ನು ಇಳಿಸುತ್ತಾರೆ, ಬೇಸ್ ಎದ್ದು ಬರುತ್ತದೆ. ಬಯಲಿನಲ್ಲಿ ಸರಿಯಾಯಿತು. ಅದನ್ನೇ ಗೋಡೆಗೆ ಒತ್ತಿದರೆ ಹಿಂದೆ ಹೋದದ್ದೂ ವಾಪಸ್ ಬಂದು, ಒಂದೇ ಸಾರಿಗೆ ಎರಡು ಸಲ ಉಪ್ಪು ಹಾಕಿದ ಹಾಗೆ. ಗೋಡೆಗೆಂದೇ ಮಾಡಿದವರು ಈ ಎರಡನೇ ಉಪ್ಪು ಹಾಕುವುದಿಲ್ಲ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ನಿಮ್ಮ ಭಾವನ ಮನೆ ಹೆಂಚಿನದ್ದು. ಮಾಡಿನ ಸಂದಿಯಿಂದ, ತೆರೆದ ಜಗಲಿಯಿಂದ ಬೇಸ್ ಅರ್ಧ ತೋಟಕ್ಕೆ ಹೋಗುತ್ತದೆ. ನನ್ನ ಮನೆಯದ್ದೂ ಅದೇ. ಗೋಡೆ ಮುರಕಲ್ಲಿನದ್ದು, ದಪ್ಪ, ಆದರೆ ಮೇಲೆ ಮರದ ಮುಚ್ಚಿಗೆ ಮತ್ತು ಹೆಂಚು. ಮುಚ್ಚಿಗೆಯೇ ನಡುಗಿ ಒಂದಷ್ಟು ನುಂಗುತ್ತದೆ. ಅಲ್ಲಿ ಟವರ್ ಹದವಾಗಿ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ನಿಮ್ಮದು ಆರೂ ಕಡೆ ಸಿಮೆಂಟು. ಒಳಗೆ ಬಿದ್ದ ಬೇಸ್ ಹೊರಗೆ ಹೋಗುವುದು ಬಾಲ್ಕನಿಯ ಬಾಗಿಲಿನಿಂದ ಮಾತ್ರ.

ಹಾಗಾಗಿ ನನ್ನ ಮಾತು: ಪೋರ್ಟೇ ಇಲ್ಲದ ಮುಚ್ಚಿದ ಪೆಟ್ಟಿಗೆ ಹುಡುಕಿ. ಪೋರ್ಟ್ ಇರುವುದು ತನ್ನ ಮಿತಿಯಿಂದ ಕೆಳಗೆ ಒಂದೊಂದು ಸ್ಥಾಯಿಗೆ 24 ಡೆಸಿಬೆಲಿನಂತೆ ಬಾವಿಗೆ ಬಿದ್ದ ಹಾಗೆ ಬೀಳುತ್ತದೆ, ಅದಕ್ಕೆ ಸ್ವಲ್ಪ ಮೇಲೆ ತುಂಬಿಕೊಂಡಿರುತ್ತದೆ. ಮುಚ್ಚಿದ್ದು ಬೇಗ ಇಳಿಯಲು ತೊಡಗಿದರೂ 12ರಂತೆ ಮೆಲ್ಲಗೆ, ಮೆಟ್ಟಿಲಿಳಿದ ಹಾಗೆ ಇಳಿಯುತ್ತದೆ. ಗೋಡೆ ಕೆಳಗಿನಿಂದ ಎತ್ತಿಕೊಡುವುದಕ್ಕೂ ಇದು ಮೆಲ್ಲಗೆ ಇಳಿಯುವುದಕ್ಕೂ ಚೆನ್ನಾಗಿ ಕೂಡಿಬರುತ್ತದೆ.

ತಾಳಮದ್ದಳೆ ಕಿವಿ · ಜೂನ್ 9, ಸಂಜೆ 6.10

ಸಂಗೀತ ಹಾಕಿ ಪರೀಕ್ಷೆ ಮಾಡಬೇಡಿ. ತಾಳಮದ್ದಳೆಯ ಧ್ವನಿಮುದ್ರಣ ಹಾಕಿ, ಅದರಲ್ಲೂ ಭಾರೀ ಕಂಠದ ಅರ್ಥಧಾರಿಯದ್ದು. ಭಾಗವತರ ಪದ ದಾಟಿಸಿ, ಬರೀ ಮಾತಿನ ಜಾಗಕ್ಕೆ ಹೋಗಿ. ಮಾತನಾಡುವವರು ನಿಮ್ಮೆದುರು ಕುಳಿತ ಹಾಗೆ ಇದ್ದರೆ ಸ್ಪೀಕರ್ ಸರಿ. ಸ್ನಾನದ ಹಂಡೆಯೊಳಗೆ ತಲೆ ಹಾಕಿ ಮಾತನಾಡಿದ ಹಾಗಿದ್ದರೆ ಗೋಡೆ ಸೇರಿಕೊಂಡಿದೆ. ಸಂಗೀತದಲ್ಲಿ ಬೇಸ್ ಹೆಚ್ಚಾದರೆ "ಆಹಾ ಎಂಥ ಗಾಂಭೀರ್ಯ" ಎಂದು ಕಿವಿ ಮೋಸ ಹೋಗುತ್ತದೆ. ಮನುಷ್ಯನ ಮಾತಿನಲ್ಲಿ ಹೋಗುವುದಿಲ್ಲ, ದಿನವೂ ಕೇಳುತ್ತೇವಲ್ಲ.

ಕುಂಜಿಬೆಟ್ಟು ವೀಣೆ · ಜೂನ್ 9, ರಾತ್ರಿ 9.00

ಬಿಜೈಯವರೇ, ಎಲ್ಲರೂ ನಿಮ್ಮ ಎದುರಿನ ಗೋಡೆಯ ಬಗ್ಗೆಯೇ ಹೇಳುತ್ತಿದ್ದಾರೆ. ನಿಮ್ಮ ಬೆನ್ನಿನ ಗೋಡೆಯನ್ನು ಮರೆತಿದ್ದಾರೆ. ಸೋಫಾ ಗೋಡೆಗೆ ತಾಗಿದೆ ಎಂದಿರಿ. ಕೋಣೆಯ ಉದ್ದಕ್ಕೆ ಗೋಡೆಯಿಂದ ಗೋಡೆಗೆ ಬಡಿದು ನಿಲ್ಲುವ ಅಲೆಗಳೆಲ್ಲ ಗೋಡೆಯ ಬಳಿಯೇ ಅತಿ ಜೋರು. ಅಲ್ಲೇ ನಿಮ್ಮ ತಲೆ ಇದೆ. ಐದು ಮೀಟರಿಗೆ 35 ಮತ್ತು 70 ಹರ್ಟ್ಸ್, 3.4ಕ್ಕೆ 51, ಎತ್ತರಕ್ಕೆ 60. ಚೊಂಬು ಕುಣಿಯುವುದು ಬಹುಶಃ 70ಕ್ಕೆ.

ಕಾಸು ಖರ್ಚಿಲ್ಲದ ಮೂರು ಕೆಲಸ ಮೊದಲು ಮಾಡಿ. ಸೋಫಾವನ್ನು ಒಂದೂವರೆ ಅಡಿ ಮುಂದೆ ಎಳೆಯಿರಿ. ಒಂದು ಬೈರಾಸನ್ನು, ಅಂದರೆ ಟವೆಲನ್ನು, ಬಿಗಿಯಾಗಿ ಸುತ್ತಿ ಎಡ ಸ್ಪೀಕರಿನ ಪೋರ್ಟಿಗೆ ತುರುಕಿ (ಪೂರ್ತಿ ಒಳಗೆ ಬಿಡಬೇಡಿ, ಬಾಲ ಹೊರಗಿರಲಿ, ನನ್ನದು ಒಳಗೆ ಬಿದ್ದು ವೂಫರ್ ಬಿಚ್ಚಬೇಕಾಯಿತು). ಆಮೇಲೆ ಬಾಲ್ಕನಿಯ ಬಾಗಿಲು ಮುಚ್ಚಿ ಒಮ್ಮೆ, ತೆರೆದು ಒಮ್ಮೆ ಕೇಳಿ. ಮೊಬೈಲಿನಲ್ಲಿ ಸ್ವರ ಹೊಮ್ಮಿಸುವ ಯಾವುದಾದರೂ ಆಪ್ ಹಾಕಿ 30ರಿಂದ 120ರ ತನಕ ಮೆಲ್ಲಗೆ ಏರಿಸಿ, ಎಲ್ಲಿ ಉಬ್ಬುತ್ತದೆ ಎಂದು ಬರೆದಿಡಿ. ಮೊಬೈಲಿನ ಮೈಕ್ ತಗ್ಗು ಸ್ವರವನ್ನು ಕಡಿಮೆ ತೋರಿಸುತ್ತದೆ. ಒಂದಕ್ಕೊಂದು ಹೋಲಿಸಲು ಸಾಕು.

ಹಾಸಿಗೆ, ಮೊಟ್ಟೆಯ ಟ್ರೇ, ತೆಳು ಫೋಮ್ ಇವನ್ನೆಲ್ಲ ಗೋಡೆಗೆ ಅಂಟಿಸಲು ಹೋಗಬೇಡಿ. 70 ಹರ್ಟ್ಸ್‌ಗೆ ಅವು ಇದ್ದೂ ಇಲ್ಲದ ಹಾಗೆ. ಸುರತ್ಕಲ್‌ನವರು ಹೇಳಿದ 250ರ ಗುಂಡಿಗಾದರೆ ನಾಲ್ಕು ಇಂಚು ದಪ್ಪದ ರಾಕ್‌ವೂಲ್ (ಕಲ್ಲಿನ ಎಳೆಗಳ ಹಾಸು) ಕೆಲಸ ಮಾಡುತ್ತದೆ.

ಮಲ್ಪೆ ಗಾಳಿ · ಜೂನ್ 10, ಬೆಳಿಗ್ಗೆ 6.45

ಮಳೆಗಾಲದಲ್ಲಿ ಪಡುವಣ ಗೋಡೆಗೆ ಒತ್ತಿ ಸ್ಪೀಕರ್ ಇಡುವವರು ಒಮ್ಮೆ ಗೋಡೆಯನ್ನು ಮುಟ್ಟಿ ನೋಡಿ. ಜುಲೈಯಲ್ಲಿ ನನ್ನ ಗೋಡೆ ಬೆವರುತ್ತದೆ. ಮೊದಲಿನ ಜೋಡಿಯ ಹಿಂಬದಿಯ ಹಲಗೆ ಅಕ್ಕಿ ರೊಟ್ಟಿಯ ಹಾಗೆ ಉಬ್ಬಿತು. ರಾಕ್‌ವೂಲ್ ಹಚ್ಚುವುದಾದರೆ ಬಟ್ಟೆ ಹೊದಿಸಿ, ಗೋಡೆಗೂ ಅದಕ್ಕೂ ನಡುವೆ ಎರಡು ಬೆರಳು ಸಂದು ಬಿಡಿ. ವೂಫರಿನ ಅಂಚು ಫೋಮ್ ಆಗಿದ್ದರೆ ಕೊಳ್ಳಲೇಬೇಡಿ, ಈ ಹವೆಗೆ ಪುಡಿಯಾಗುತ್ತದೆ. ರಬ್ಬರ್ ಇರಲಿ. ತಂತಿ ಸಿಕ್ಕಿಸುವ ಹಿತ್ತಾಳೆಯ ಕಡ್ಡಿಗಳಿಗೆ ಹಸಿರು ಹಿಡಿಯುತ್ತದೆ, ವರ್ಷಕ್ಕೊಮ್ಮೆ ತೆಗೆದು ಒರೆಸಿ.

ಮುಚ್ಚಿದ ಪೆಟ್ಟಿಗೆಗೆ ನನ್ನದೂ ಒಂದು ಮತ. ಕಾರಣ ಬೇರೆ. ಹೋದ ವರ್ಷ ಊರಿಗೆ ಹೋಗಿ ಹದಿನೈದು ದಿನ ಬಿಟ್ಟು ಬಂದಾಗ ಬಲ ಸ್ಪೀಕರಿನ ಬೇಸ್ ಮಾಯವಾಗಿತ್ತು. ಆಂಪ್ಲಿಫೈಯರ್ ಕೆಟ್ಟಿತೆಂದು ಹೊತ್ತುಕೊಂಡು ಹೋದೆ, ಏನೂ ಆಗಿಲ್ಲ ಎಂದರು. ಕೊನೆಗೆ ಟಾರ್ಚ್ ಹಾಕಿ ನೋಡಿದರೆ ಪೋರ್ಟಿನೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿದೆ. ಅಚ್ಚುಕಟ್ಟಾಗಿ ಮೂರು ಕೋಣೆ.

ಮೂರನೇ ಒಂದು · ಜೂನ್ 10, ಬೆಳಿಗ್ಗೆ 8.15

ಆ ಹುಳಕ್ಕೂ ಗೋಡೆಯಿಂದ ಒಂದು ಮೀಟರ್ ದೂರ ಬೇಕಾಗಿರಲಿಲ್ಲ ಎಂದಾಯಿತು. ನಾನು ಸೋತೆ.

ಬಿಜೈ ಮೂಲೆಮನೆ · ಜೂನ್ 13, ರಾತ್ರಿ 11.05

ಮೂರು ರಾತ್ರಿ ಇದೇ ಕೆಲಸ. ಕಂಡದ್ದು ಕಂಡ ಹಾಗೆ ಬರೆಯುತ್ತೇನೆ.

ಸ್ವರ ಮೆಲ್ಲಗೆ ಏರಿಸುತ್ತಾ ಹೋದೆ. ಸೋಫಾದಲ್ಲಿ ನನಗೆ 70ರ ಹತ್ತಿರ ಜೋರಾಗಿ ಉಬ್ಬಿತು, ಚೊಂಬೂ ಅಲ್ಲೇ ಗಿರ್ರೆಂದಿತು. ವೀಣೆಯವರ ಬಾಯಿಗೆ ಸಕ್ಕರೆ. ವಿಚಿತ್ರವೆಂದರೆ 51ರಲ್ಲಿ ನನಗೆ ಹೆಚ್ಚೇನೂ ಕೇಳಲಿಲ್ಲ. ಪಕ್ಕದ ಗೋಡೆಯ ಬಳಿ ಕುರ್ಚಿಯಲ್ಲಿ ಕುಳಿತ ಅಮ್ಮ ಮಾತ್ರ "ನಿಲ್ಲಿಸು, ಎದೆಗೆ ಗುದ್ದಿದ ಹಾಗಾಗುತ್ತದೆ" ಎಂದರು. ಇಷ್ಟು ವರ್ಷ ಅಮ್ಮ ದೂರುವುದು ಅಭ್ಯಾಸದಿಂದ ಎಂದುಕೊಂಡಿದ್ದೆ. ಅವರ ಕುರ್ಚಿಯಲ್ಲಿ ಹೋಗಿ ಕುಳಿತೆ. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಎಡ ಸ್ಪೀಕರ್ ಒಂದನ್ನೇ ಹಾಕಿ, ಆಮೇಲೆ ಬಲದ್ದೊಂದನ್ನೇ ಹಾಕಿ ಆ ಕುರ್ಚಿಯಲ್ಲೇ ಅಳೆದೆ. ಬಾಗಿಲು ತೆರೆದಿದ್ದಾಗ 51ರಲ್ಲಿ ಎಡದ್ದು 8 ಡೆಸಿಬೆಲ್ ಹೆಚ್ಚು. ಬಾಗಿಲು ಮುಚ್ಚಿದರೆ ವ್ಯತ್ಯಾಸ 3ಕ್ಕೆ ಇಳಿಯಿತು.

ಸೋಫಾ ಒಂದೂವರೆ ಅಡಿ ಮುಂದೆ ಬಂದಿದೆ. ಹಿಂದೆ ಸಿಕ್ಕಿದ ಜಾಗದಲ್ಲಿ ಅಮ್ಮ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಇಟ್ಟುಬಿಟ್ಟರು. ಜೂನ್ ಮಳೆಯಲ್ಲಿ ಅದಕ್ಕೊಂದು ಜಾಗ ಹುಡುಕುತ್ತಿದ್ದರಂತೆ. ಈಗ ಸೋಫಾವನ್ನು ಹಿಂದೆ ತಳ್ಳುತ್ತೇನೆಂದರೂ ಬಿಡುವುದಿಲ್ಲ. 70ರಲ್ಲಿ 3 ಡೆಸಿಬೆಲ್ ಕಡಿಮೆಯಾಯಿತು. ಬೈರಾಸು ತುರುಕಿದ ಮೇಲೆ ಎಡದ್ದು ಇನ್ನಷ್ಟು ಹದಕ್ಕೆ ಬಂತು, ಆದರೆ ತಾಳಮದ್ದಳೆ ಹಾಕಿದರೆ ಇನ್ನೂ ಹಂಡೆ. ಸಣ್ಣ ಹಂಡೆ ಎನ್ನಬಹುದು.

ಸುರತ್ಕಲ್ ಅಲೆ · ಜೂನ್ 14, ಬೆಳಿಗ್ಗೆ 8.20

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಅಗಲದ ಮೊದಲ ಅಲೆ ಎರಡು ಬದಿಯ ಗೋಡೆಯಲ್ಲಿ ಜೋರು, ಸರಿಯಾಗಿ ನಡುವೆ ಸೊನ್ನೆ. ನೀವು ನಡುವೆ, ಅವರು ಗೋಡೆಯ ಪಕ್ಕ. 3 ಡೆಸಿಬೆಲ್ ಕೂಡ ಲೆಕ್ಕಕ್ಕೆ ಸರಿ ಹೊಂದುತ್ತದೆ. ನಿಮ್ಮ ಕಿವಿ ಗೋಡೆಯಿಂದ 20 ಸೆಂಟಿಮೀಟರಿನಿಂದ 65ಕ್ಕೆ ಬಂದಿದೆ.

ಹಂಡೆ ಉಳಿದಿರುವುದು ಮುರಕಲ್ಲಿನವರು ಹೇಳಿದ ಎರಡನೇ ಉಪ್ಪಿನಿಂದ. ಗಂಡಸರ ಮಾತಿನ ಭಾರ ಇರುವುದು 100ರಿಂದ 300ರ ಆಸುಪಾಸು. ಪೋರ್ಟ್ ಮುಚ್ಚಿದರೆ ಅಲ್ಲಿ ಏನೂ ಬದಲಾಗುವುದಿಲ್ಲ. ಆಂಪ್ಲಿಫೈಯರಿನಲ್ಲಿ ಬೇಸ್ ಗುಂಡಿ ಇದ್ದರೆ ನಾಚಿಕೆಯಿಲ್ಲದೆ ಇಳಿಸಿ. ಗುಂಡಿ ಮುಟ್ಟಿದರೆ ಶುದ್ಧತೆ ಕೆಡುತ್ತದೆ ಎನ್ನುವವರ ಮನೆಯ ಗೋಡೆಗಳು ಹತ್ತು ಡೆಸಿಬೆಲ್ ಏರಿಳಿಸುವುದು ಅವರಿಗೆ ಕೇಳುವುದಿಲ್ಲ. ಒಂದು ಎಚ್ಚರಿಕೆ: ಉಬ್ಬನ್ನು ಇಳಿಸಬಹುದು, ಗೋಡೆ ತೋಡಿದ ಗುಂಡಿಯನ್ನು ತುಂಬಲಾಗದು. ಅಲ್ಲಿ ಎಷ್ಟು ಸುರಿದರೂ ಗೋಡೆಯಿಂದ ಬರುವುದು ಅಷ್ಟನ್ನೇ ಅಳಿಸುತ್ತದೆ.

ಆಂಪ್ಲಿಫೈಯರ್ ಮಾರಲು ಮನಸ್ಸಿದ್ದರೆ ಇನ್ನೊಂದು ದಾರಿ ಇದೆ. ಆಂಪ್ಲಿಫೈಯರ್ ಒಳಗೇ ಇರುವ ಸ್ಟುಡಿಯೋ ಸ್ಪೀಕರುಗಳ ಹಿಂದೆ ಈ ಕೆಲಸಕ್ಕೆಂದೇ ಸ್ವಿಚ್ ಇರುತ್ತದೆ. ಯಮಾಹಾ ಎಚ್‌ಎಸ್5ರಲ್ಲಿ 500 ಹರ್ಟ್ಸ್‌ನಿಂದ ಕೆಳಗೆ 2 ಅಥವಾ 4 ಡೆಸಿಬೆಲ್ ಇಳಿಸಬಹುದು. ಎಡಕ್ಕೆ 4, ಬಲಕ್ಕೆ 2 ಎಂದು ಬೇರೆ ಬೇರೆ ಇಡಬಹುದು ಎಂಬುದೇ ನಿಮ್ಮಂಥ ಹಾಲಿಗೆ ದೊಡ್ಡ ಲಾಭ. ಅದರ ಪೋರ್ಟ್ ಹಿಂದೆಯೇ ಇದೆ, ಅಂಗಡಿಯವರಿಗೆ ಹೇಳಬೇಡಿ.

ಕುಂಜಿಬೆಟ್ಟು ವೀಣೆ · ಜೂನ್ 14, ಬೆಳಿಗ್ಗೆ 10.40

ಎಚ್‌ಎಸ್5 ನನ್ನ ಪಾಠದ ಕೋಣೆಯಲ್ಲಿದೆ. ಹತ್ತಿರ ಕುಳಿತು ಮಕ್ಕಳು ನುಡಿಸಿದ್ದನ್ನು ತೋರಿಸಲು ಬಹಳ ಒಳ್ಳೆಯದು, ತಪ್ಪನ್ನು ಮುಚ್ಚುವುದಿಲ್ಲ. ರಾತ್ರಿ ಸೋಫಾದಲ್ಲಿ ಒರಗಿ ಕೇಳಲು ನನಗೆ ಇಷ್ಟವಾಗಲಿಲ್ಲ. ಇದು ರುಚಿಯ ಮಾತು.

ಕೋಣೆಯಲ್ಲೇ ಇನ್ನೊಂದು ನೋಡಿ. ಎಡ ಸ್ಪೀಕರಿನ ಪಕ್ಕದ ಗೋಡೆಯಿಂದ ಮರಳುವ ಮೇಲಿನ ಸ್ವರಗಳು ವೀಣೆಯ ಮೀಟನ್ನು ಮಸುಕು ಮಾಡುತ್ತವೆ. ನೀವು ಸೋಫಾದಲ್ಲಿ ಕುಳಿತು, ಅಮ್ಮನ ಕೈಯಲ್ಲಿ ಕನ್ನಡಿ ಕೊಟ್ಟು ಗೋಡೆಯ ಮೇಲೆ ಸರಿಸಲು ಹೇಳಿ. ಟ್ವೀಟರ್ (ಮೇಲಿನ ಸ್ವರ ನುಡಿಸುವ ಸಣ್ಣ ಭಾಗ) ಕನ್ನಡಿಯಲ್ಲಿ ಕಂಡ ಜಾಗದಲ್ಲಿ ದಪ್ಪ ಪರದೆಯೋ ಪುಸ್ತಕದ ಕಪಾಟೋ ಬರಲಿ. ಇಲ್ಲವೇ ಸ್ಪೀಕರನ್ನು ನಿಮ್ಮ ಕಡೆ ತಿರುಗಿಸಿ.

ಮುರಕಲ್ಲು · ಜೂನ್ 14, ಸಂಜೆ 5.30

ಓದಿ ಓದಿ ತೀರ್ಮಾನಕ್ಕೆ ಬರಲಾಗುವುದಿಲ್ಲ. ನನ್ನಲ್ಲಿ ಹಳೆಯದೊಂದು ಜೋಡಿ ಉಂಟು. ಮುಚ್ಚಿದ ಪೆಟ್ಟಿಗೆ, ಆರೂವರೆ ಇಂಚಿನ ವೂಫರ್, ಅಂಚು ರಬ್ಬರ್. ಮಾರುವುದಿಲ್ಲ. ಬೇಕಾದರೆ ಆದಿತ್ಯವಾರ ಬಂದು ತೆಗೆದುಕೊಂಡು ಹೋಗಿ, ಹತ್ತು ದಿನ ಇಟ್ಟುಕೊಳ್ಳಿ.

ಬಿಜೈ ಮೂಲೆಮನೆ · ಜೂನ್ 22, ರಾತ್ರಿ 10.30

ಮುರಕಲ್ಲಿನವರ ಮನೆಗೆ ಹೋಗಿ ಬಂದೆ. ಸ್ಪೀಕರಿಗಿಂತ ಮೊದಲು ಪತ್ರೊಡೆ ಸಿಕ್ಕಿತು. ಅವರ ಚಾವಡಿಯಲ್ಲಿ ಆ ಜೋಡಿ ಎರಡು ಮೂಲೆಯಲ್ಲೂ ಗೋಡೆಗೆ ಬೆನ್ನು ಹಾಕಿ ಕುಳಿತಿತ್ತು. ಹತ್ತಿರ ಹೋಗಿ ನೋಡುವವರೆಗೆ ನನಗೆ ಅದು ಹಳೆಯ ರೇಡಿಯೋ ಎಂದೇ ತೋರಿತ್ತು.

ಮನೆಗೆ ತಂದು ಟವರ್ ಇದ್ದ ಜಾಗದಲ್ಲೇ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಇಟ್ಟೆ. ಮೊದಲು ಹಾಕಿದ್ದು ತಾಳಮದ್ದಳೆ. ಅಡುಗೆಮನೆಯಿಂದ ಅಮ್ಮ "ಯಾರು ಬಂದದ್ದು?" ಎಂದು ಕೇಳಿದರು. ಮೃದಂಗದ ಪೆಟ್ಟಿಗೆ ಈಗ ಆರಂಭವೂ ಇದೆ, ಕೊನೆಯೂ ಇದೆ. 70ರ ಉಬ್ಬು ಪೂರ್ತಿ ಹೋಗಿಲ್ಲ, ಕೋಣೆ ಅದೇ ತಾನೇ. ಆದರೆ ಅದಕ್ಕೆ ಉಣಿಸುವ ಬೇಸ್ ಕಡಿಮೆಯಾಗಿದೆ. ಟವರಿನಲ್ಲಿದ್ದ ಒಂದು ಬಗೆಯ ದೊಡ್ಡತನ ಮಾತ್ರ ಇಲ್ಲ. ಎರಡು ದಿನ ಅದಕ್ಕಾಗಿ ಮನಸ್ಸು ಹಂಬಲಿಸಿತು, ಮೂರನೇ ದಿನ ಮರೆಯಿತು.

ಕೊಳ್ಳೋಣವೆಂದರೆ ಹೊಸ ಸ್ಪೀಕರುಗಳಲ್ಲಿ ಮುಚ್ಚಿದ ಪೆಟ್ಟಿಗೆ ಸಿಗುವುದೇ ಅಪರೂಪ. ಹಾಗಾಗಿ ಐದು ಇಂಚಿನ ವೂಫರಿನ ಸಣ್ಣ ಜೋಡಿಯೊಂದನ್ನು, ಹಿಡಿಸದಿದ್ದರೆ ವಾಪಸ್ ಎಂಬ ಮಾತಿನ ಮೇಲೆ ತಂದಿದ್ದೇನೆ. ಪೋರ್ಟ್ ಹಿಂದಿದೆ, ಆದರೆ ಮುಚ್ಚಲು ಫೋಮಿನ ಬಿರಡೆ ಜೊತೆಗೇ ಬಂದಿದೆ. ಎಡದ್ದಕ್ಕೆ ಬಿರಡೆ ಹಾಕಿದ್ದೇನೆ, ಬಲದ್ದನ್ನು ತೆರೆದೇ ಬಿಟ್ಟಿದ್ದೇನೆ. ಬಾಗಿಲು ತೆರೆದಿದ್ದಾಗ ಎರಡೂ ಸರಿಸಮ ಎನಿಸುತ್ತದೆ. ಹೀಗೆ ಮಾಡಬಹುದೇ?

ಸುರತ್ಕಲ್ ಅಲೆ · ಜೂನ್ 22, ರಾತ್ರಿ 11.00

ಬೇಡ ಎನ್ನುತ್ತೇನೆ. ಒಂದು ಮುಚ್ಚಿ ಒಂದು ತೆರೆದರೆ ತಗ್ಗಿನಲ್ಲಿ ಎರಡರ ಅಲೆಗಳು ಹೆಜ್ಜೆ ತಪ್ಪುತ್ತವೆ. ಎರಡಕ್ಕೂ ಬಿರಡೆ ಹಾಕಿ, ಬಲದ್ದನ್ನು ಗೋಡೆಗೆ ಇನ್ನೆರಡು ಬೆರಳು ಒತ್ತಿ ನೋಡಿ.

ಕುಂಜಿಬೆಟ್ಟು ವೀಣೆ · ಜೂನ್ 22, ರಾತ್ರಿ 11.12

ಕಿವಿಗೆ ಸರಿ ಕೇಳಿದರೆ ಬಿಡಿ. ನಾನು ಎರಡು ವರ್ಷದಿಂದ ಹಾಗೆಯೇ ಇಟ್ಟಿದ್ದೇನೆ, ಯಾವ ಹೆಜ್ಜೆ ತಪ್ಪಿದ್ದೂ ಕೇಳಿಲ್ಲ.

ಸುರತ್ಕಲ್ ಅಲೆ · ಜೂನ್ 22, ರಾತ್ರಿ 11.15

ನೀವು ವೀಣೆಯ ಶ್ರುತಿಯಲ್ಲಿ ಇಷ್ಟು ಬಿಟ್ಟುಕೊಡುತ್ತೀರಾ?

ಕುಂಜಿಬೆಟ್ಟು ವೀಣೆ · ಜೂನ್ 22, ರಾತ್ರಿ 11.16

ಅದು ಬೇರೆ.

ಬಿಜೈ ಮೂಲೆಮನೆ · ಜೂನ್ 24, ರಾತ್ರಿ 9.50

ಎರಡಕ್ಕೂ ಬಿರಡೆ ಹಾಕಿದೆ, ಬಲದ್ದು ಗೋಡೆಗೆ ಒತ್ತಿತು. ಹೆಚ್ಚು ಬಿಗಿ, ಸ್ವಲ್ಪ ಬಡಕಲು. ಆಂಪ್ಲಿಫೈಯರಿನ ಬೇಸ್ ಗುಂಡಿ ಒಂದು ಕೂದಲೆಳೆ ಏರಿಸಿದ ಮೇಲೆ ಸರಿಯಾಯಿತು. ಇಳಿಸಲು ಹೇಳಿದ್ದ ಗುಂಡಿಯನ್ನು ಕೊನೆಗೆ ಏರಿಸಿದೆ! ಸ್ಪೀಕರ್ ವಾಪಸ್ ಮಾಡುವುದಿಲ್ಲ ಎಂದು ಅಂಗಡಿಗೆ ಫೋನ್ ಮಾಡಿದ್ದೇನೆ. ಖರ್ಚು ಬಜೆಟ್ಟಿನ ಅರ್ಧವೂ ಆಗಿಲ್ಲ. ಉಳಿದದ್ದರಲ್ಲಿ ಮುಂದೆ ಸಣ್ಣ ಸಬ್‌ವೂಫರ್ ತರುವ ಯೋಚನೆ ಇದೆ.

ಮುರಕಲ್ಲಿನವರೇ, ನಿಮ್ಮ ಜೋಡಿಯನ್ನು ಈ ಆದಿತ್ಯವಾರ ತಂದುಕೊಡುತ್ತೇನೆ.

ಮುರಕಲ್ಲು · ಜೂನ್ 25, ಬೆಳಿಗ್ಗೆ 6.20

ಸಬ್‌ವೂಫರ್ ಮುಂದಿನ ಮಳೆಗಾಲಕ್ಕೆ ನೋಡುವ. ಅದನ್ನು ಸೋಫಾದ ಮೇಲಿಟ್ಟು ಹಾಡು ಹಾಕಿ, ಗೋಡೆಯ ಬದಿಯಲ್ಲಿ ಅಂಬೆಗಾಲಿಟ್ಟು ಹೋಗಬೇಕು. ಬೇಸ್ ಸಮವಾಗಿ ಕೇಳುವ ಜಾಗವೇ ಅದರ ಜಾಗ. ಆ ದಿನ ಮನೆಗೆ ನೆಂಟರು ಬಾರದ ಹಾಗೆ ನೋಡಿಕೊಳ್ಳಿ.

ಈ ಆದಿತ್ಯವಾರ ಬೇಡ, ಮನೆಯಲ್ಲಿ ಪೂಜೆ ಉಂಟು. ಅದರ ಮುಂದಿನ ವಾರ ಬನ್ನಿ. ಬಸ್ಸಿನಲ್ಲಿ ತರಬೇಡಿ, ಪೆಟ್ಟಿಗೆಯ ಮೂಲೆ ಹೊಡೆಯುತ್ತದೆ. ಬರುವಾಗ ಆ ಟವರುಗಳನ್ನೂ ಕಾರಿಗೆ ಹಾಕಿಕೊಂಡು ಬನ್ನಿ. ಮಾರುವ ಮೊದಲು ನನ್ನ ಚಾವಡಿಯಲ್ಲಿ ಒಮ್ಮೆ ಕೇಳಬೇಕು.